ಮಸ್ಕಿ ಒಲೆಯ ಬಿಳಿ ಬೂದಿ

ರಾಜಶ್ರೀ ಬಾಯಿ ತೆರೆದರೆ ಟ್ರೇಲರ್, ಮುಚ್ಚಿದರೆ ಬರೀ ಇಂಟರ್‌ವಲ್ ಎನ್ನುತ್ತಿದ್ದರು ಮಸ್ಕಿಯವರು. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ಈ ಹುಡುಗಿ ಮೂರು ಊರುಗಳನ್ನು ಒಂದೇ ಕಥೆಗೆ ಎಳೆದು ತಂದಿದ್ದಳು. ಸಿಂಧನೂರಿನ ಗುರುಬಸವ ಸಾಹುಕಾರರ ರೈಸ್ ಮಿಲ್ಲಿನ ಹಿಂದೆ ಭತ್ತದ ಹೊಟ್ಟು ಸುಟ್ಟ ಬೂದಿ ಗುಡ್ಡವಾಗಿ ಬಿದ್ದಿತ್ತು. ಲಿಂಗಸುಗೂರಿನಲ್ಲಿ ಬಟ್ಟೆ ಸೋಪು ಮಾಡುವ ನಾಸೀರ್‌ ಅದಕ್ಕೆ ಬೇಕಾದ ಸಿಲಿಕೇಟ್ ದ್ರಾವಣವನ್ನು ಹೈದರಾಬಾದಿನಿಂದ ತರಿಸುತ್ತಿದ್ದ. ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಆ ದ್ರಾವಣ ಇಲ್ಲೇ ಸಿಗುತ್ತದೆ, ನಡುವಿನ ಮಸ್ಕಿಯಲ್ಲಿ ಮೂರೂ ಊರಿಗೆ ಸೇರಿದ ಒಂದು ಲ್ಯಾಬು ಬೇಕು ಎಂದು ಅವಳು ಇಬ್ಬರ ತಲೆಯನ್ನೂ ತಿಂದು ತೇಗಿದ್ದಳು. ಗುರುವಾರ ಜಿಲ್ಲಾ ಕಚೇರಿಯ ಸಾಹೇಬರು ನೋಡಲು ಬರುವವರಿದ್ದರು. ದ್ರಾವಣ ತಿಳಿಯಾಗಿ ಬಂದರೆ ಲ್ಯಾಬು, ಇಲ್ಲದಿದ್ದರೆ ಅವರವರ ದಾರಿ ಅವರವರಿಗೆ.

ಮಂಗಳವಾರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಿಲ್ಲಿನ ಬೂದಿ ಕುದಿಸಿ ಸೋಸಿ ನೋಡಿದರೆ, ಇಳಿದದ್ದು ಚಹದ ಡಿಕಾಕ್ಷನ್ನಿನಂಥ ಕಂದು ನೀರು. ತಳದಲ್ಲಿ ಕರಗದ ಕರಿ ಬೂದಿ. ಫೋನಿನಲ್ಲಿ ಮೂವರೂ ಕೂಡಿದ್ದೇ ತಡ, ನಾಸೀರ್ ಬೂದಿಗೆ ಬೈದ, ಸಾಹುಕಾರರು ಅವನು ಕೊಟ್ಟ ಕಾಸ್ಟಿಕ್ಕಿಗೆ ಬೈದರು, ಕೊನೆಗೆ ಇಬ್ಬರೂ ಸೇರಿ ರಾಜಶ್ರೀಗೆ ಬೈದರು. ಒಗ್ಗಟ್ಟು ಅಲ್ಲಿಗೆ ಮಾತ್ರ ಬಂದಿತ್ತು.

ಬುಧವಾರ ಬೆಳಿಗ್ಗೆ ಬೇಸರಕ್ಕೆ ಮಿರ್ಚಿ ಭಜಿ ತಿನ್ನಲು ಬಸ್‌ಸ್ಟ್ಯಾಂಡಿನ ಬದಿಯ ಆದಮ್ಮನ ಅಂಗಡಿಗೆ ಹೋದಳು. ಒಂದು ಒಲೆಯ ಮೇಲೆ ಮಿರ್ಚಿ ಕರಿದು ಕೊಟ್ಟು, ಆದಮ್ಮ ಭತ್ತದ ಹೊಟ್ಟಿನ ಇನ್ನೊಂದು ಒಲೆ ತುಂಬುತ್ತಿದ್ದಳು. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಬಡಿದು ಬಡಿದು ತುಂಬಿ, ಬಾಟಲಿ ಎಳೆದು ತೆಗೆದರೆ ಒಲೆ ಸಿದ್ಧ; ಭಗ್ಗೆನ್ನದೆ ತಾಸುಗಟ್ಟಲೆ ಒಳಗೊಳಗೇ ಸುಡುತ್ತದೆ. ಹಿಂದಿನ ದಿನದ ಬೂದಿ ಪಕ್ಕದಲ್ಲಿ ಸುರಿದಿತ್ತು. ಬೆಳ್ಳಗೆ, ವಿಭೂತಿಯ ಹಾಗೆ.

ರಾಜಶ್ರೀಯ ಕೈಯಲ್ಲಿದ್ದ ಮಿರ್ಚಿ ಬಾಯಿಗೆ ಹೋಗದೆ ಅರ್ಧ ದಾರಿಯಲ್ಲೇ ನಿಂತಿತು. ಮಿಲ್ಲಿನ ಬಾಯ್ಲರಿನದು ಅವಸರದ ದೊಡ್ಡ ಉರಿ. ಅರ್ಧ ಸುಟ್ಟದ್ದು ಕರಿದಾಗಿ ಉಳಿಯುತ್ತದೆ, ಅತಿಯಾಗಿ ಸುಟ್ಟದ್ದು ಕಲ್ಲಾಗಿ ಕರಗುವುದಿಲ್ಲ; ಹೀಗೆ ನಿಧಾನಕ್ಕೆ ಸುಟ್ಟ ಬಿಳಿ ಬೂದಿಯೇ ಕರಗುತ್ತದೆ. ಪುಸ್ತಕದಲ್ಲಿ ಓದಿದ್ದು ಇಲ್ಲಿ ಮೆಣಸಿನಕಾಯಿ ಕರಿಯುತ್ತ ಕೂತಿತ್ತು. ಅವಳು ಎರಡೂ ಕೈಯಲ್ಲಿ ಬೂದಿ ಬಾಚತೊಡಗಿದಳು.

“ಏನವಾ, ಸನ್ಯಾಸ ತಗೊಳ್ಳಾಕತ್ತೀ ಏನು?” ಎಂದಳು ಆದಮ್ಮ.

“ಅತ್ತಿ, ಇಷ್ಟು ದಿನ ಇದು ಸೈಡ್ ಆ್ಯಕ್ಟರ್. ಇವತ್ತಿಂದ ಇದ ಹೀರೋ.”

ಮಧ್ಯಾಹ್ನಕ್ಕೆ ಸೋಸಿದ ಲೋಟದಲ್ಲಿ ನೀರಿನಂಥ ದ್ರಾವಣವಿತ್ತು. ಅವಳು ಶೆಡ್ಡಿನಲ್ಲೇ ಒಂದು ಸುತ್ತು ಕುಣಿದಳು. ಆದರೆ ಸಾಹೇಬರಿಗೆ ತೋರಿಸಲು ಲೋಟ ಸಾಲದು, ಬ್ಯಾರಲ್ ಬೇಕು. ಅದಕ್ಕೆ ಒಂದು ಒಲೆಯಲ್ಲ, ಮೂರೂ ಊರಿನ ಒಲೆಗಳ ಬೂದಿ ಬೇಕು, ಅದೂ ಸಂಜೆಯೊಳಗೆ. ಇಬ್ಬರಿಗೂ ಒಟ್ಟಿಗೇ ಫೋನು ಮಾಡಿದಳು. ಹೊಟ್ಟಿನ ಒಲೆಯ ಚಹದಂಗಡಿಗಳನ್ನು ಸುತ್ತಿ ಬಿಳಿ ಬೂದಿ ಎತ್ತಿಕೊಂಡು ಬರಬೇಕು ಎಂದಾಗ ಸಾಹುಕಾರರು ಗಹಗಹಿಸಿ ನಕ್ಕು, ಮತ್ತೇನು ಹೊಸ ಆಟ ಎಂದು ಕೇಳಿದರು. ಅವರ ತಪ್ಪಲ್ಲ. ಹಿಂದಿನ ತಿಂಗಳು ಅವರ ಬಿಳಿ ಅಂಗಿಯ ಮೇಲೆ ಗುಲಾಬಿ ಬಣ್ಣ ಚೆಲ್ಲಿ, ಅವರು ಕೂಗಾಡಿ ಮುಗಿಸುವಷ್ಟರಲ್ಲಿ ಅದು ತಾನೇ ಮಾಯವಾಗುವಂತೆ ಮಾಡಿದವಳು ಇವಳೇ.

ಅವಳ ನಾಲಿಗೆಯ ತುದಿಗೆ ಮೂರು ಡೈಲಾಗು ಬಂದವು. ಮೂರನ್ನೂ ನುಂಗಿದಳು.

“ಸಾಹುಕಾರ್ರ, ಹಿಂದ ಮಾಡಿದ್ದೆಲ್ಲಾ ಆಟ ಖರೆ. ಇದು ಆಟ ಅಲ್ಲರೀ. ನಿಮ್ಮ ಹೊಟ್ಟು ಕೆಟ್ಟಿಲ್ಲ, ನಾಸೀರಣ್ಣನ ಕಾಸ್ಟಿಕ್ಕೂ ಕೆಟ್ಟಿಲ್ಲ. ಸುಡೋದಷ್ಟ ತಪ್ಪಾಗೇತಿ. ಇದೊಂದ ಸಲ ನನ್ನ ನಂಬ್ರಿ.”

ಫೋನಿನಲ್ಲಿ ನಾಸೀರ್‌ನ ದನಿ ಕೇಳಿಸಿತು: “ಈಕಿ ಡೈಲಾಗ್ ಬಿಟ್ಟು ಮಾತಾಡಾಕತ್ತಾಳಂದ್ರ ಮಾಮ್ಲಾ ಖರೇನ ಐತ್ರೀ ಸಾಹುಕಾರ್ರ.”

ಸಂಜೆ ಲಿಂಗಸುಗೂರಿನಿಂದ ನಾಸೀರ್ ಬೈಕಿನ ಎರಡೂ ಬದಿಗೆ ಡಬ್ಬಿ ಕಟ್ಟಿಕೊಂಡು ಬಂದ. ಸಿಂಧನೂರು ಕಡೆಯಿಂದ ಬಂದ ಸಾಹುಕಾರರ ಕಾರಿನ ಡಿಕ್ಕಿ ತೆರೆದರೆ ಹನ್ನೊಂದು ಅಂಗಡಿಗಳ ಬೂದಿ. ತಾವೇ ಬಾಚಿದ್ದರೆಂಬುದಕ್ಕೆ ಸಾಹುಕಾರರ ಬೂದಿ ಮೆತ್ತಿದ ಮೀಸೆಯೇ ಸಾಕ್ಷಿ ಹೇಳುತ್ತಿತ್ತು.

ರಾತ್ರಿಯೆಲ್ಲ ಕುದಿಸಿ ಸೋಸಿದ್ದಾಯಿತು. ಗುರುವಾರ, ಮಿರ್ಚಿ ತಟ್ಟೆ ಹಿಡಿದು ಬಂದಿದ್ದ ಆದಮ್ಮನೂ ನೋಡುತ್ತಿದ್ದಂತೆ, ಸಾಹೇಬರು ಬ್ಯಾರಲ್ಲಿನಿಂದ ಗಾಜಿನ ಜಾಡಿಗೆ ದ್ರಾವಣ ತುಂಬಿಸಿ, ಹಿಂದೆ ಪೇಪರ್ ಹಿಡಿದರು. ಸಣ್ಣ ಅಕ್ಷರವೂ ಓದಲು ಬಂತು. ಎರಡು ಸಲ ಓದಿದರು. ಮೂರು ಊರಿನ ಲ್ಯಾಬಿಗೆ ತಾವು ಶಿಫಾರಸು ಬರೆಯುವುದಾಗಿ ಹೇಳಿ, ಇದರ ಕೆಲಸಕ್ಕೆಲ್ಲ ಜವಾಬ್ದಾರಿ ಯಾರದು ಎಂದು ಕೇಳಿದರು. ಲ್ಯಾಬಿನ ಯಜಮಾನಿಕೆಯ ಆ ಕುರ್ಚಿಗಾಗಿ ತಿಂಗಳಿಂದ ಜಗ್ಗಾಡುತ್ತಿದ್ದ ಸಾಹುಕಾರರೂ ನಾಸೀರನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಈ ಹುಡುಗಿ ಹೇಳಿದಂಗ ನಾವು ಕೇಳ್ತೀವ್ರೀ,” ಎಂದರು ಗುರುಬಸವ ಸಾಹುಕಾರರು.

ರಾಜಶ್ರೀ, ಹಾಗಾದರೆ ನಾಳೆಯೇ ಮಿಲ್ಲಿನ ಹಿಂದೆ ಆದಮ್ಮನ ಒಲೆಯಂಥದ್ದನ್ನೇ ಮನುಷ್ಯನೆತ್ತರಕ್ಕೆ ಕಟ್ಟಬೇಕು ಎಂದಳು.

ಸಾಹುಕಾರರು ಯಾಕೆ ಎಂದು ಕೇಳಲಿಲ್ಲ. ಅಲ್ಲಿಂದಲೇ ಇಟ್ಟಿಗೆ ಕೆಲಸದ ಗೌಂಡಿಗೆ ಫೋನು ಹಚ್ಚಿ, ಅಳತೆ ಹೇಳಲಿಕ್ಕೆ ಅದನ್ನು ಆದಮ್ಮನ ಕೈಗೆ ಕೊಟ್ಟರು.