ಪುಟ್ಟಲಿಂಗಮ್ಮ ಮೇಡಂ ಮತ್ತು ಬೀಗ ಹಾಕಿದ ಬಾಗಿಲು

ಯಾವ ಕಟ್ಟಡದ ಹೊಸ್ತಿಲು ದಾಟಿದರೂ ಪುಟ್ಟಲಿಂಗಮ್ಮ ಮೇಡಂ ಮೊದಲು ಕೇಳುವುದು ಒಂದೇ ಮಾತು: "ಅಂಗವಿಕಲರ ಶೌಚಾಲಯ ಎಲ್ಲಿದೆ, ಬೀಗದಕೈ ಯಾರ ಹತ್ರ ಇದೆ?" ಬ್ಯಾಂಕಾಗಲಿ, ಸೀರೆಯಂಗಡಿಯಾಗಲಿ, ಮದುವೆಯ ಛತ್ರವೇ ಆಗಲಿ, ಕುಶಲೋಪರಿಗೂ ಮುಂಚೆ ಈ ಪ್ರಶ್ನೆ. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದು, ಮೈದಾನದ ಆ ತುದಿಯ ಹುಡುಗಿಯರನ್ನು ಸೀಟಿಯಿಲ್ಲದೆಯೇ ನಿಲ್ಲಿಸುತ್ತಿದ್ದ ಕಂಠ ಅದು. ಪಿಸುಗುಟ್ಟಿ ಅದಕ್ಕೆ ಅಭ್ಯಾಸವಿಲ್ಲ. ಪಕ್ಕದಲ್ಲಿರುವ ಮಗಳು ಬಿಂದು ಪ್ರತಿಸಲವೂ ನೆಲ ನೋಡುತ್ತಾಳೆ.

ಅರವತ್ತಾರರ ಮೇಡಂಗೆ ಮೂತ್ರ ನಿಲ್ಲುವುದಿಲ್ಲ. ಎರಡು ಕಷ್ಟದ ಹೆರಿಗೆಗಳು ಆರಂಭಿಸಿದ್ದನ್ನು ಗರ್ಭಕೋಶದ ಶಸ್ತ್ರಚಿಕಿತ್ಸೆ ಪೂರ್ತಿಗೊಳಿಸಿತು. ಕೆಮ್ಮಿದರೆ, ನಕ್ಕರೆ, ಬಸ್ಸಿನ ಮೆಟ್ಟಿಲು ಹತ್ತಿದರೆ ಸೋರುತ್ತದೆ. ದೊಡ್ಡವರ ಡೈಪರ್ ತೊಟ್ಟು, ಮೈಸೂರಿನ ಏಪ್ರಿಲ್ ಬಿಸಿಲಲ್ಲೂ ಸೀರೆಯ ಮೇಲೆ ಮಂಡಿ ಮುಚ್ಚುವ ಕಂದು ಕೋಟು ಹಾಕಿ, ಬದಲಿ ಡೈಪರ್, ಲಂಗ, ಸೀರೆಗಳ ಚೀಲವನ್ನು ಹೆಗಲಿಗೇರಿಸಿ ಅವರು ಹೂಟಗಳ್ಳಿಯ ಮನೆಯಿಂದ ಹೊರಡುತ್ತಾರೆ; ಬೆನ್ನು ಕವಾಯತಿನವರಂತೆ ನೆಟ್ಟಗೆ, ಹೆಜ್ಜೆ ಮಾತ್ರ ತುಂಬಿದ ಕೊಡ ಹೊತ್ತವರಂತೆ ಚಿಕ್ಕದು.

ಮಾಮೂಲಿ ಶೌಚಾಲಯದ ಇಕ್ಕಟ್ಟಿನಲ್ಲಿ ಸೀರೆಯನ್ನೆತ್ತಿ ಹಲ್ಲಿನಲ್ಲಿ ಕಚ್ಚಿಕೊಂಡು, ತೂಗುಹಾಕಲು ಮೊಳೆಯೂ ಇಲ್ಲದೆ ಚೀಲವನ್ನು ಕುತ್ತಿಗೆಗೆ ನೇತುಬಿಟ್ಟುಕೊಂಡು, ಒದ್ದೆ ನೆಲದ ಮೇಲೆ ಒಂಟಿಕಾಲಲ್ಲಿ ನಿಲ್ಲುವ ಸರ್ಕಸ್ಸನ್ನು ಅವರು ಒಮ್ಮೆ ಮಾಡಿ, ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಅಂದಿನಿಂದ ಗಾಲಿಕುರ್ಚಿಯ ಚಿತ್ರವಿರುವ ಅಗಲ ಬಾಗಿಲೇ ಬೇಕು: ಒಳಗೆ ಹಿಡಿಕಂಬಿ, ನೀರು, ತಿರುಗಲು ಜಾಗ. ಆದರೆ ಆ ಬಾಗಿಲ ಹಿಂದೆ ಅವರಿಗೆ ಸಿಕ್ಕಿದ್ದೇನು? ಒಂದು ಕಡೆ ಗ್ಯಾಸ್ ಸಿಲಿಂಡರು. ಇನ್ನೊಂದು ಕಡೆ ಕಾವಲುಗಾರನ ಊಟದ ಡಬ್ಬಿ, ಹೆಲ್ಮೆಟ್ಟು. ಒಬ್ಬ ಕಾವಲುಗಾರನಂತೂ ತಲೆಯಿಂದ ಕಾಲಿನವರೆಗೆ ನೋಡಿ, "ಚೆನ್ನಾಗೇ ನಡೀತಿದೀರಲ್ಲಮ್ಮ, ಇದು ಕಾಲಿಲ್ದೋರಿಗೆ" ಎಂದ.

"ಕಾಲು ಚೆನ್ನಾಗಿದೆ ಕಣಪ್ಪ, ಕೆಟ್ಟಿರೋದು ಬೇರೆ. ಬಿಡಿಸಿ ಹೇಳ್ಲಾ?" ಎಂದರು ಮೇಡಂ. ಬಾಗಿಲು ತೆರೆಯಿತು.

"ಅಮ್ಮ, ಮನೇಲೇ ಇದ್ಬುಡಮ್ಮ, ನಿಂಗೂ ನೆಮ್ಮದಿ ನಂಗೂ ನೆಮ್ಮದಿ" ಎಂದು ಬಿಂದು ಅದೆಷ್ಟೋ ಸಲ ಗೋಗರೆದಿದ್ದಾಳೆ. ಉತ್ತರ ಬದಲಾಗಿಲ್ಲ: "ನಾನೇನು ತಪ್ಪು ಮಾಡಿದೀನಿ ಅಂತ ಮನೇಲಿ ಕೂರ್ಲಿ?"

ಕಳೆದ ಡಿಸೆಂಬರಿನಲ್ಲಿ ಅವರ ಕೈಯಲ್ಲಿ ಪಳಗಿದ ವಾಲಿಬಾಲ್ ಆಟಗಾರ್ತಿಯರೆಲ್ಲ ಸೇರಿ ಪಟ್ಟಣದ ಸಭಾಂಗಣವೊಂದರಲ್ಲಿ ಗುರುವಿಗೆ ಸನ್ಮಾನ ಏರ್ಪಡಿಸಿದ್ದರು. ಸ್ವಾಗತವೇ ಮುಕ್ಕಾಲು ಗಂಟೆ. ಪ್ರಾಸ್ತಾವಿಕ ನುಡಿ ಅದಕ್ಕೂ ಉದ್ದ. ಮೇಡಂ ಮೆಲ್ಲನೆ ಎದ್ದು ಹೊರಬಂದರೆ ಅಗಲ ಬಾಗಿಲಿಗೆ ಬೀಗ. ಸಭಾಂಗಣ ನೋಡಿಕೊಳ್ಳುವ ಬೀರೇಶ್, "ಬೀಗದಕೈ ಶಾಮಿಯಾನದೋರ ಹತ್ರ ಐತೆ, ಊಟಕ್ಕೋಗವ್ರೆ" ಎಂದ. ಇಪ್ಪತ್ತು ನಿಮಿಷ ನಿಂತರು. ಬೀಗದಕೈ ಬರುವಷ್ಟರಲ್ಲಿ ಡೈಪರ್ ಕೈಬಿಟ್ಟಿತ್ತು. ಬೆಚ್ಚನೆಯ ತೇವ ಪಾದದವರೆಗೂ ಇಳಿದದ್ದು ಅವರಿಗೆ ಗೊತ್ತಾಯಿತು. ಬಾಗಿಲು ತೆರೆದರೆ, ಒಳಗೆ ಕಾಲಿಡಲೂ ತೆರಪಿಲ್ಲದಂತೆ ಮಡಚುವ ಕುರ್ಚಿಗಳು, ಕಮೋಡಿನ ಮುಚ್ಚಳದ ಮೇಲೆ ಆ ದಿನದ ಸನ್ಮಾನದ್ದೇ ಶಾಲು, ಹಣ್ಣಿನ ಬುಟ್ಟಿ!

ಅಷ್ಟರಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು.

"ಅಮ್ಮ, ಹಂಗೇ ಹೋಗ್ಬುಡು, ಕೋಟಿದೆಯಲ್ಲ" ಎಂದಳು ಬಿಂದು.

"ಒದ್ದೆ ಬಟ್ಟೇಲಿ ನಿಂತ್ಕೊಂಡು ಶಾಲು ಹೊದಿಸ್ಕೊಳಲ್ಲ ಕಣೇ ನಾನು." ಆಮೇಲೆ ಆ ಹಳೆಯ ಮೈದಾನದ ಕಂಠ ಎದ್ದಿತು: "ಬೀರೇಶ್! ಎಲ್ಲಾ ಆಚೆ ತೆಗೀರಿ. ಈಗಲೇ!"

ಬೀರೇಶ್ ಒಂದೊಂದೇ ಕುರ್ಚಿ ಹೊತ್ತು ಆಚೆಗಿಟ್ಟ. ಮೇಡಂ ಒಳಗೆ ಹೋದರು. ಏನಾಯಿತೆಂದು ನೋಡಲು ಸಂಘಟಕರು ಗುಂಪಾಗಿ ಬಂದಾಗ, ಜೀವಮಾನವಿಡೀ ನೆಲ ನೋಡಿದ್ದ ಬಿಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತನಗೇ ಅಪರಿಚಿತವಾದ ದನಿಯಲ್ಲಿ, "ನಮ್ಮಮ್ಮ ಡೈಪರ್ ಬದಲಾಯಿಸ್ತಿದಾರೆ ಕಣ್ರೀ. ಕಾಯ್ರಿ" ಎಂದಳು. ಒಳಗೆ ಹಿಡಿಕಂಬಿ ಹಿಡಿದು ನಿಂತಿದ್ದ ತಾಯಿಯ ಕೈ ಒಂದು ಕ್ಷಣ ತಡೆದು ನಿಂತಿತು. ಸಿಟ್ಟಿನ ನಡುವೆಯೇ ಕಣ್ಣು ಮಂಜಾಯಿತು.

ಅವರು ವೇದಿಕೆ ಹತ್ತುವಾಗ ಮುಖ್ಯ ಅತಿಥಿಗಳು ಹೊರಟುಹೋಗಿದ್ದರು. ಮೇಡಂ ಮೈಕು ಹಿಡಿದು, "ತಡವಾಯ್ತು. ನಂಗೆ ಮೂತ್ರ ನಿಲ್ಲಲ್ಲ, ನಿಮ್ಮ ಶೌಚಾಲಯದಲ್ಲಿ ಜಾಗ ಇರ್ಲಿಲ್ಲ" ಎಂದರು. ಯಾರೋ ಮುಸಿಮುಸಿ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಊಟದ ಹೊತ್ತಿಗೆ, ಒಂದು ಕಾಲದ ತಂಡದ ನಾಯಕಿ ರಕ್ಷಿತಾ ಪಕ್ಕಕ್ಕೆ ಬಂದು ಕುಳಿತು, ಎಲೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ಮೇಡಂ, ಎರಡನೇ ಹೆರಿಗೆ ಆದ್ಮೇಲೆ ನಂಗೂ ಹಂಗೇ. ಅದಕ್ಕೇ ಆಟ ಬುಟ್ಟಿದ್ದು. ನೀವು ಯಾವ ಡಾಕ್ಟ್ರಿಗೆ ತೋರಿಸ್ತೀರಿ?"

ಆ ಶೌಚಾಲಯ ಖಾಲಿ ಮಾಡಿಸಿದ್ದೇವೆಂದು ಬೀರೇಶ್ ಮರುವಾರ ಫೋನು ಮಾಡಿದ. ಫೆಬ್ರವರಿಯಲ್ಲಿ ಮೇಡಂ ಅಲ್ಲಿಗೆ ಬೇರೊಂದು ಸಮಾರಂಭಕ್ಕೆ ಹೋದರೆ, ಒಳಗೆ ಪೊರಕೆ, ಬಕೆಟ್ಟು, ಫಿನಾಯಿಲ್ ಡಬ್ಬಗಳು. "ಹಾಳಾಗೋಗ, ಇನ್ನೆಷ್ಟು ಸಲ ಹೇಳೋದು ಇವ್ರಿಗೆ!" ಎಂದು ತಲೆ ಚಚ್ಚಿಕೊಂಡರು, ಮತ್ತೆ ಕೂಗಿದರು, ಮತ್ತೆ ತೆಗೆಸಿದರು.

ಇಂಥವರನ್ನು ಜಗಳಗಂಟಿಯರೆಂದು ಕರೆದು ನಾವು ಸುಲಭವಾಗಿ ಕೈತೊಳೆದುಕೊಳ್ಳುತ್ತೇವೆ. ಸಂಕೋಚವೆಂಬುದು, ಯಾರ ದೇಹ ಅವರ ಮಾತು ಕೇಳುತ್ತದೋ ಅವರಿಗೆ ಭೂಷಣ. ಯಾರ ದೇಹ ಕೇಳುವುದಿಲ್ಲವೋ ಅವರಿಗೆ ಅದು ಸೆರೆಮನೆ. ಎಷ್ಟೋ ಹೆಂಗಸರು ಗುಟುಕು ನೀರನ್ನೂ ಕುಡಿಯದೆ, ಮದುವೆ ಮುಂಜಿಗಳಿಗೆ ತಲೆನೋವಿನ ನೆಪ ಹೇಳಿ, ಮರ್ಯಾದಸ್ಥರೆನಿಸಿಕೊಂಡು ಒಳಗೊಳಗೇ ಸವೆಯುತ್ತಾರೆ. ಅವರ ಪಾಲಿನ ನಾಚಿಕೆಯನ್ನೂ ತಾವೇ ಬಿಟ್ಟು ಕೂಗುವವರು ಯಾರಿಗೂ ಪ್ರಿಯರಾಗುವುದಿಲ್ಲ. ಕೂಗಿ ಕೂಗಿ ಅವರಿಗೂ ಸಾಕಾಗುತ್ತದೆ. ಆದರೂ ಮರುದಿನ ಬೆಳಿಗ್ಗೆ ಎರಡು ಲೋಟ ನೀರು ಕುಡಿದು, ಅವರು ಹೊರಟೇಬಿಡುತ್ತಾರೆ.