ಆರ್ಡಿಸ್‌ಳ ಪಾಲಿನ ತೊಂಬತ್ತಾರು ಕೆ

ಮೂವತ್ತೊಂದು ವರ್ಷ ವಿಮಾನದ ಕಾರ್ಖಾನೆಯಲ್ಲಿ ನೂರಾರು ಜನರನ್ನು ಆಳಿ ನಿವೃತ್ತನಾದ ವರ್ನನ್ ಕೀಸ್ಲರನಿಗೆ, ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಆಳುವುದಕ್ಕೆ ಉಳಿದದ್ದು ಸನ್ನಿವೇಲ್‌ನ ಮನೆಯಲ್ಲಿದ್ದ ಒಂದು ಕಂಪ್ಯೂಟರ್ ಮಾತ್ರ. ಒಂದೇ ಹೊತ್ತಿಗೆ ಮೂರು ಪ್ರೋಗ್ರಾಂ ತೆರೆದಿಡುವ ಉಪಾಯ ಆಗಷ್ಟೇ ಬಂದಿತ್ತು. ಯಂತ್ರದ ಮೆಮೊರಿ ಐನೂರ ಹನ್ನೆರಡು ಕೆ, ಅಂದರೆ ಕಿಲೋಬೈಟ್. ಅದರಲ್ಲಿ ಯಾವುದಕ್ಕೆ ಎಷ್ಟು ಎಂದು ಮೊದಲೇ ಅಂಕಿ ಒತ್ತಿ ಪಾಲು ಮಾಡಬೇಕು. ಯಂತ್ರದ ಸ್ವಂತ ಖರ್ಚು ಕಳೆದು, ವರ್ನನ್ ತನ್ನ ನಕ್ಷತ್ರಗಳ ನಕ್ಷೆಗೆ ನೂರ ಅರವತ್ತು, ತನ್ನ ಚದುರಂಗಕ್ಕೆ ನೂರ ಇಪ್ಪತ್ತೆಂಟು, ಹೆಂಡತಿ ಆರ್ಡಿಸ್ ಬರವಣಿಗೆಗೆ ಬಳಸುವ ಪ್ರೋಗ್ರಾಮಿಗೆ ತೊಂಬತ್ತಾರು ಕೊಟ್ಟ. ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೇನು ಎನ್ನುತ್ತಾರೆ. ಇಲ್ಲಿ ಬಡಿಸುವವನೂ ಉಣ್ಣುವವನೂ ಒಬ್ಬನೇ.

ಆರ್ಡಿಸ್ ಬರೆಯುತ್ತಿದ್ದುದು ನೆಬ್ರಾಸ್ಕದ ತನ್ನ ಬಾಲ್ಯದ ಕಥೆ. ಆಗಸ್ಟಿನಲ್ಲಿ ನೆಂಟರೆಲ್ಲ ಸೇರುವಾಗ ಹಂಚಬೇಕೆಂದಿದ್ದಳು. ಆ ಮನೆಯಲ್ಲಿ ಹುಟ್ಟಿದವರ ಪೈಕಿ ಬದುಕಿದ್ದವಳು ಅವಳೊಬ್ಬಳೇ. ಹನ್ನೊಂದನೇ ಪುಟಕ್ಕೆ ಬರುವಷ್ಟರಲ್ಲಿ, ಇನ್ನು ಜಾಗವಿಲ್ಲ ಎಂದು ಯಂತ್ರ ಹೇಳಿಬಿಟ್ಟಿತು.

"ವರ್ನ್, ಇದು ಮುಂದಕ್ಕೇ ಹೋಗ್ತಿಲ್ವಲ್ಲೋ."

"ಮೆಷಿನ್ನಿನ ಯೋಗ್ಯತೇನೇ ಅಷ್ಟು ಕಣೆ. ನೀನು ಏನು ಹೇಳಿದ್ರೂ ಎಳೀತೀಯ. ಚಿಕ್ಕದಾಗಿ ಬರಿ."

"ಚಿಕ್ಕದಾಗಿ ಬರೀಬೇಕು ಅಂದ್ರೆ ನಮ್ಮಮ್ಮ ಎಂಟು ಮಕ್ಕಳ್ನ ಹೆರಬಾರದಿತ್ತು!"

ವರ್ನನ್ ಸುಳ್ಳು ಹೇಳಲಿಲ್ಲ. ತಾನೇ ಒತ್ತಿದ ಅಂಕಿಗಳು ಅವನಿಗೆ ನಿಜಕ್ಕೂ ಮರೆತಿದ್ದವು. ಗಂಡಸರ ಮರೆವು ಎಷ್ಟೋ ಸಲ ಅವರಿಗೇ ಅನುಕೂಲವಾಗಿರುತ್ತದೆ.

ಆರ್ಡಿಸ್ ಕತ್ತರಿ ಹಿಡಿದಳು. ಮೊದಲು ದೂಳಿನ ಬಿರುಗಾಳಿ ಹೋಯಿತು, ಆಮೇಲೆ ಅಪ್ಪನ ಹೇಸರಗತ್ತೆ. ಅಷ್ಟಾದರೂ ಜಮೀನು ಮಾರಿ ಹೊರಟ ದಿನವನ್ನು ಬರೆಯಲು ಜಾಗ ಸಾಲಲಿಲ್ಲ. ಉಳಿದದ್ದು ತಂಗಿ ಲೊರೇನಳ ಮೂರು ಪುಟ. ಪೋಲಿಯೋ ಬಂದು ಒಂಬತ್ತಕ್ಕೇ ತೀರಿಕೊಂಡವಳು. ಕೋಳಿಗಳಿಗೆಲ್ಲ ಚರ್ಚಿನ ಹೆಂಗಸರ ಹೆಸರಿಟ್ಟು ಏಟು ತಿಂದವಳು. ಸತ್ತು ಐವತ್ತು ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಅಳುತ್ತಲೇ ಆರ್ಡಿಸ್ ಅವಳನ್ನು ಒಂದೇ ಉಸಿರಿಗೆ ಬರೆದಿದ್ದಳು. ಈಗ ಅವಳನ್ನು ಕೇಳುವವರು ಯಾರಿದ್ದಾರೆ ಎಂದುಕೊಂಡು ಮೂರೂ ಪುಟ ಅಳಿಸಿದಳು. ಉಳಿದದ್ದನ್ನು ಅದೇ ಡಿಸ್ಕಿನಲ್ಲಿ, ಅದೇ ಹೆಸರಿನಲ್ಲಿ ಉಳಿಸಿದಳು. ಹಳೆಯದು ಅಲ್ಲಿಗೆ ಮುಗಿಯಿತು.

ಹತ್ತು ದಿನ ಕಳೆದು ಶನಿವಾರ ಕಂಪ್ಯೂಟರ್ ಕ್ಲಬ್ಬಿನಲ್ಲಿ ಕಾಫಿ ಕುಡಿಯುತ್ತ ಅವಳು ಇದನ್ನು ಗೆಳತಿ ಮಿಟ್ಸಿ ಹಟ್ಟೋರಿಗೆ ಹೇಳಿದಳು.

"ನಿಂಗೆ ಎಷ್ಟು ಕೊಟ್ಟಿದಾನೆ?" ಎಂದಳು ಮಿಟ್ಸಿ.

"ಎಷ್ಟು ಅಂದ್ರೆ? ಏನನ್ನ?"

"ಮೆಮೊರಿ ಕಣೆ! ಅದು ದೇವರು ಬರೆದ ಹಣೆಬರಹ ಅಲ್ಲ, ನಿನ್ನ ಗಂಡ ಒತ್ತಿರೋ ನಂಬರು. ಬೇಕಾದಾಗ ಬದಲಾಯಿಸಬಹುದು. ನಮ್ಮನೇಲಿ ಒತ್ತೋದು ನಾನು."

ಮನೆಗೆ ಬಂದ ಆರ್ಡಿಸ್ ಟೋಪಿಯನ್ನೂ ತೆಗೆಯದೆ ಯಂತ್ರದ ಮುಂದೆ ಕೂತಳು. ಮೂರು ಅಂಕಿಗಳನ್ನೂ ಕಣ್ಣಾರೆ ಕಂಡಳು. ಮೈಯೆಲ್ಲ ಉರಿಯಿತು. ನಕ್ಷತ್ರಗಳನ್ನು ತೆಗೆದಳು, ಚದುರಂಗವನ್ನು ತೆಗೆದಳು, ತನ್ನ ಪ್ರೋಗ್ರಾಮಿನ ಎದುರು ಮುನ್ನೂರ ಎಂಬತ್ತನಾಲ್ಕು ಎಂದು ಒತ್ತಿದಳು.

ವರ್ನನ್ ಹಿತ್ತಿಲಿನಿಂದ ಟೊಮೇಟೊ ಕಿತ್ತುಕೊಂಡು ಒಳಗೆ ಬಂದ. "ನನ್ನ ಚದುರಂಗ ಎಲ್ಲೇ?"

"ನನ್ನ ತಂಗಿ ಎಲ್ಲೋ?"

ಅವನು ಅಂಕಿಗಳನ್ನು ನೋಡಿದ. ಬುದ್ಧಿವಂತನೇ, ಬಿಡಿಸಿ ಹೇಳಬೇಕಾಗಲಿಲ್ಲ. ಮುಖ ಸಣ್ಣದಾಯಿತು.

"ಮತ್ತೆ ಬರಿ, ಆರ್ಡಿ. ಎಲ್ಲಾ ಜಾಗ ನೀನೇ ಇಟ್ಕೋ. ನಾನು ಮುಟ್ಟಲ್ಲ."

"ಕ್ಲಬ್ಬಿಂದ ದಾರಿಯುದ್ದಕ್ಕೂ ನೆನಪು ಮಾಡ್ಕೋತಿದೀನಿ, ಬರ್ತಿಲ್ಲ. ಶುರು ಹೇಗೆ ಮಾಡಿದ್ದೆ ಹೇಳು. ಒಂದೇ ಸಾಲು ಸಾಕು, ಮಿಕ್ಕಿದ್ದು ತಾನಾಗೇ ಬರತ್ತೆ. ಬರೆದ ದಿನ ಓದು ಅಂತ ನಿನ್ನ ಕರೆದು ಕೂರಿಸಿದ್ನಲ್ಲ, ಚೆನ್ನಾಗಿದೆ ಅಂದ್ಯಲ್ಲ."

ವರ್ನನ್ ಟೊಮೇಟೊಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಚೆನ್ನಾಗಿದೆ ಎಂದದ್ದು ನಿಜ. ಅವನು ಓದಿರಲಿಲ್ಲ.