ಗಾಲಿಗೆ ಒಡ್ಡಿದ ಕಲ್ಲು

ಅಮೋಘಪ್ಪನ ಲಾರಿಗೆ ಅವನದೇ ವಯಸ್ಸು, ಅರವತ್ತೆರಡು. ಅವನ ತಂದೆ ಕೊಂಡದ್ದು. ಸಂತೆಗೆ ಕೆಂಪು ಬಾಳೆ ಒಯ್ಯುವುದು, ಶ್ರಾವಣ ಸೋಮವಾರಗಳಲ್ಲಿ ಕಮಲಾಪುರದ ಹೆಣ್ಣುಮಕ್ಕಳನ್ನು ಗುಡ್ಡದ ಶಿವನ ಗುಡಿಗೆ ಕರೆದೊಯ್ಯುವುದು, ಅದಕ್ಕೆ ಉಳಿದ ಕೆಲಸ ಇಷ್ಟೇ.

ಶ್ರಾವಣಕ್ಕೆ ಹದಿನೈದು ದಿನ ಇರುವಾಗ ಹಿಂದಿನ ಆ್ಯಕ್ಸಲ್ ಬಿರುಕು ಬಿಟ್ಟಿತು. ಲಾರಿಯನ್ನು ಮೆಲ್ಲಗೆ ನಡೆಸಿಕೊಂಡು, ಹೆಂಡತಿ ದುಂಡಮ್ಮನ ಜೊತೆ ಅವನು ಕಲಬುರಗಿಯ ಇನಾಯತ್ ಮೇಸ್ತ್ರಿಯ ಗ್ಯಾರೇಜಿಗೆ ಬಂದ.

ಲಾರಿ ನಿಂತಿತೋ ಇಲ್ಲವೋ, ದುಂಡಮ್ಮ ಇಳಿದು, ಗಾಡಿ ಉರುಳದಂತೆ ಮಡಿಲಲ್ಲಿದ್ದ ಕರಿಕಲ್ಲನ್ನು ಹಿಂದಿನ ಗಾಲಿಗೆ ಒಡ್ಡಿದಳು. ಇನಾಯತ್ ಅದನ್ನು ನೋಡಿದ. ಅಂಗಳದಲ್ಲಿ ಬಿದ್ದಿದ್ದ ಎರಡು ಆ್ಯಕ್ಸಲ್ ತೋರಿಸಿದ.

"ಇದು ನಿಮ್ಮ ಗಾಡಿ ಜೋಡೀದು, ಅದೇ ಕಾಲದ್ದು. ಹೇಳಿ ಮಾಡಿಸಿದಂಗ ಕೂಡ್ತದ. ಖರೆ ಬ್ರೇಕ್ ಡ್ರಮ್ ಸವದಾವ, ಬ್ರೇಕ್ ಈಗಿದ್ದಷ್ಟೇ. ಅದು ಆಮ್ಯಾಲಿನ ಗಾಡೀದು. ಬ್ರೇಕ್ ಗಟ್ಟಿ ಹಿಡೀತಾವ. ಆದ್ರ ಗಾಲಿ ಎರಡೂ ಕಡಿ ನಾಕ್ ಬೆರಳ ಹೊರಗ ಬರ್ತಾವ. ಗಾಲಿ ಮ್ಯಾಲಿನ ಬದಿ ಹಲಗಿ ಕೊಯ್ಬೇಕಾಗ್ತದ."

ಆ ಹಲಗೆಗಳ ಮೇಲೆ ತಂದೆ ಕೈಯಾರೆ ಬರೆದ ಬಿಲ್ವಪತ್ರೆಗಳಿದ್ದವು. ಅಮೋಘಪ್ಪ ದಿನವೂ ಅವನ್ನು ಒರೆಸಿ, ವಿಭೂತಿ ಹಚ್ಚಿದ ಮೇಲೆಯೇ ಗಾಡಿ ಏರುತ್ತಿದ್ದ.

"ಜೋಡೀದೇ ಹಾಕ್ರಿ. ನಮ್ಮಪ್ಪ ಇದೇ ಬ್ರೇಕಿನ ಮ್ಯಾಲ ನಲವತ್ತು ವರ್ಷ ಹೊಡದಾನ."

"ಏರಿನಾಗ ನಿಂತ್ರ ಕಲ್ಲ ಯಾರ ಒಡ್ಡತಿದ್ರು, ಅಣ್ಣಾ?"

"ನಾನೇ."

"ಹಂಗಾದ್ರ ಅವರ ಬ್ರೇಕ್ ನೀವೇ ಇದ್ರಿ ಬಿಡ್ರಿ. ಈಗ ಅಕ್ಕ ಆಗ್ಯಾರ."

ದುಂಡಮ್ಮ ನಕ್ಕಳು. "ನನ್ನ ಮೊಣಕಾಲೂ ಸವದಾವ ಇನಾಯತ್ ಭಾಯಿ. ಅವಕ್ಕೂ ಹೊಸಾ ಬ್ರೇಕ್ ಲೈನರ್ ಬಡೀತೀರೇನು?"

ಅಮೋಘಪ್ಪ ನಗಲಿಲ್ಲ. ಹೋದ ಶ್ರಾವಣದಲ್ಲಿ ಗುಡಿಯ ಏರಿನ ಮೇಲೆ ಲಾರಿ ಹಿಂದಕ್ಕೆ ಜಾರಿತ್ತು. ಕಲ್ಲು ಒಡ್ಡಿದ ಕೈಯನ್ನು ಅವಳು ಎಳೆದುಕೊಳ್ಳುವುದು ಅರೆಕ್ಷಣ ತಡವಾಗಿತ್ತು. ಅವಳ ಕಿರುಬೆರಳು ಇನ್ನೂ ಡೊಂಕು.

"ಅಪ್ಪನ ಪತ್ರಿ ಕೊಯ್ದಂಗ ಆಗ್ತದಲ್ಲ," ಎಂದ, ಯಾರಿಗೆಂದಿಲ್ಲದೆ.

"ಗಿಡದಾನ ಪತ್ರಿ ದಿನಾ ಹರದು ಏರಸ್ತೀರಿ," ಎಂದಳು ದುಂಡಮ್ಮ. "ಶಿವ ಒಂದಿನಾರ ಬ್ಯಾಡ ಅಂದಾನೇನು?"

ಅವನು ಹಲಗೆಯ ಮೇಲಿನ ಪತ್ರೆಗಳನ್ನು ಇನ್ನೊಮ್ಮೆ ಒರೆಸಿದ. ಆಮೇಲೆ ಇನಾಯತನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಕೊಯ್ಯುವ ಗೆರೆಯನ್ನು ತಾನೇ ಎಳೆದ.

ಶ್ರಾವಣದ ಮೊದಲ ಸೋಮವಾರ ಲಾರಿ ತುಂಬ ಹೆಣ್ಣುಮಕ್ಕಳು. ಗುಡಿಯ ಏರಿನ ನಡುವೆ ದನಗಳು ಅಡ್ಡ ಬಂದವು. ಅಮೋಘಪ್ಪ ಬ್ರೇಕ್ ತುಳಿದ. ದುಂಡಮ್ಮ ರೂಢಿಯಂತೆ ಇಳಿದು ಗಾಲಿಯ ಹಿಂದೆ ಕಲ್ಲಿಟ್ಟು, ಕೈ ತೆಗೆದು ಕಾದಳು. ದನಗಳು ಒಂದೊಂದಾಗಿ ದಾಟಿದವು. ಕಲ್ಲಿಗೂ ಗಾಲಿಗೂ ನಡುವೆ ಎರಡು ಬೆರಳಿನ ಅಂತರ ಹಾಗೆಯೇ ಇತ್ತು.

ಅವಳು ಕಲ್ಲನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಲಾರಿ ಹತ್ತಿದಳು.